ಬಿಟ್ಟು ಓದಿದ ಮೂರು ವಾಕ್ಯ

1960ರ ಸುಮಾರಿಗೆ ಕಾಸರಗೋಡಿನ ಶಿರಿಯದ ನಮ್ಮ ಮನೆಯಲ್ಲಿ ಬೈಬಲ್ ಇರಲಿಲ್ಲ. ನೆಂಟರಿಷ್ಟರ ಮನೆಗಳಲ್ಲೂ ಕಂಡ ನೆನಪಿಲ್ಲ. ನಮ್ಮ ಕ್ರೈಸ್ತ ಬದುಕೆಲ್ಲ ಸಂಜೆಯ ತೇರ್ಸ್ ಎಂಬ ಜಪಮಾಲೆ, ಬಾಯಿಪಾಠದ ದೊತೊರ್ನ್ ಎಂಬ ಧರ್ಮೋಪದೇಶ, ಅಂಚೆಯಲ್ಲಿ ಬರುತ್ತಿದ್ದ ‘ರಾಕ್ಣೊ’ ಪತ್ರಿಕೆ, ಭಾನುವಾರದ ಪೂಜೆ ಇಷ್ಟರಲ್ಲಿ ಮುಗಿಯುತ್ತಿತ್ತು. ‘ಸತ್ಯವೇದ’ ಓದುವವರೆಂದರೆ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟರು, ಅದು ಅವರ ಬಾಬತ್ತು ಎಂಬ ಭಾವನೆ ಹಿರಿಯರಲ್ಲಿ ಗಟ್ಟಿಯಾಗಿತ್ತು. ಪೂಜೆ ಲಾತೀನಿನಲ್ಲಿ, ಪಾದ್ರಿಗಳು ಪೀಠದ ಕಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ತಲೆಗೆ ಸೆರಗು ಹೊದೆಯದೆ ಹೆಂಗಸರು ಇಗರ್ಜಿಯೊಳಗೆ ಕಾಲಿಡುವಂತಿರಲಿಲ್ಲ. ಸೆರಗಿನ ನಿಯಮ 1917ರ ಕ್ಯಾನನ್ ಕಾನೂನಿನಲ್ಲಿತ್ತು. ಅದರ ಬೇರು ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ. ಬದುಕಿರುವಷ್ಟು ದಿನ ಆ ನಿಯಮ ಪಾಲಿಸಿದ ನಮ್ಮ ಅಜ್ಜಿ ಆ ಪತ್ರವನ್ನು ಒಮ್ಮೆಯೂ ಓದಿದವಳಲ್ಲ. ಓದದೇ ಇದ್ದ ವಾಕ್ಯಗಳ ಹಿಡಿತದಲ್ಲಿ ನಾವೆಲ್ಲ ಬದುಕುತ್ತಿದ್ದೆವು.

ಹಾಗೆ ಬದುಕಿದವರಲ್ಲಿ ನನ್ನ ಮಾವ್ಶಿ, ಅಂದರೆ ಅಮ್ಮನ ತಂಗಿ, ಒಬ್ಬಳು. ಮದುವೆಯಾಗಿ ಹೊಳೆಯಾಚೆ ಹೋದವಳು. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ಮಳೆಗಾಲದಲ್ಲಿ ಬಲಗೈ ಊದಿಸಿಕೊಂಡು ತವರಿಗೆ ಬಂದಳು. ಸೋಪು ಹಚ್ಚಿದರೂ ಬಳೆ ಕಳಚಲು ಬರಲಿಲ್ಲ. ಅಮ್ಮ ಅವನ್ನು ಒಂದೊಂದಾಗಿ ಒಡೆದು ತೆಗೆದಳು, ಚೂರುಗಳನ್ನು ನಾನು ಗೆರಟೆಯಲ್ಲಿ ಹಿಡಿದುಕೊಂಡಿದ್ದೆ. ಕೆಲವು ದಿನ ಕಳೆದ ಮೇಲೆ ಇಗರ್ಜಿಯ ವಾರ್ಡಿನ ಹಿರಿಯರಾದ ಗುರ್ಕಾರರು ಬಂದು ಜಗಲಿಯಲ್ಲಿ ಕುಳಿತರು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಸಂತ ಪೌಲನೇ ಹೇಳಿದ್ದಾನೆ, ನಾವು ನೀವು ಬದಲಿಸುವ ಮಾತಲ್ಲ ಎಂದರು. ಅಪ್ಪ ಎದುರಾಡಲಿಲ್ಲ. ಮರುದಿನ ಮಾವ್ಶಿಯನ್ನು ಕರೆದುಕೊಂಡು ಹೋಗಿ ಬಿಟ್ಟುಬಂದರು.

ಗುರ್ಕಾರರು ಕೆಟ್ಟವರಾಗಿರಲಿಲ್ಲ, ಊರಿನ ಎಷ್ಟೋ ಜಗಳ ಬಿಡಿಸಿದವರು. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅವರು ಹೇಳಿದ ಮಾತು 22ನೆಯ ವಾಕ್ಯ. ಅದಕ್ಕಿಂತ ಮೊದಲಿನ ವಾಕ್ಯ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆನ್ನುತ್ತದೆ. ಮುಂದಿನವು ಗಂಡನ ಮೇಲೆ ಇನ್ನೂ ಭಾರ ಹೊರಿಸುತ್ತವೆ: ಕ್ರಿಸ್ತ ತನ್ನವರಿಗಾಗಿ ಪ್ರಾಣ ಕೊಟ್ಟ ಹಾಗೆ ಅವನು ಹೆಂಡತಿಯನ್ನು ಪ್ರೀತಿಸಬೇಕು. ಇದು ಗುರ್ಕಾರರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಪಾದ್ರಿಗಳು ಜಗಲಿಗೆ ಬರಲಿಲ್ಲ.

ಸರಕಾರದ ಕಾನೂನಾದರೂ ಅವಳ ನೆರವಿಗಿತ್ತೇ ಎಂದರೆ ಅದೂ ಇಲ್ಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳದವರಾಗಿದ್ದೆವು, ಧರ್ಮಪ್ರಾಂತ ಮಾತ್ರ ಮಂಗಳೂರಿನದೇ ಉಳಿದಿತ್ತು. ಎರಡು ಕಡೆಯ ಬಾಗಿಲೂ ಅವಳಿಗೆ ಮುಚ್ಚಿತ್ತು. ಇಗರ್ಜಿಗೆ ಮದುವೆ ಮುರಿಯಲಾಗದ ಸಂಸ್ಕಾರ. ಇನ್ನು 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಾದವನು ಹೆಂಡತಿಯ ವ್ಯಭಿಚಾರ ತೋರಿಸಿದರೆ ಸಾಕಿತ್ತು. ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದದ್ದನ್ನೋ ಸಾಬೀತುಪಡಿಸಬೇಕಿತ್ತು. ಬರಿಯ ಹೊಡೆತಕ್ಕೆ ವಿಚ್ಛೇದನ ಇರಲಿಲ್ಲ. ಕ್ರೌರ್ಯವೊಂದೇ ಸಾಕೆಂದು ಕೇರಳ ಹೈಕೋರ್ಟಿನ ಪೂರ್ಣಪೀಠ ಹೇಳಿದ್ದು 1995ರಲ್ಲಿ, ಸಂಸತ್ತು ಕಾಯ್ದೆ ತಿದ್ದಿದ್ದು 2001ರಲ್ಲಿ. ಆ ಹೊತ್ತಿಗೆ ಮಾವ್ಶಿಯ ಗಂಡ ಸತ್ತು ಬಹಳ ವರ್ಷವಾಗಿತ್ತು.

ರೋಮಿನಲ್ಲಿ ಇದಕ್ಕಿಂತ ಬಹಳ ಮೊದಲೇ ಗಾಳಿ ತಿರುಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಂ’ ಎಂಬ ದಾಖಲೆ, ಧರ್ಮಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಸಿಗಬೇಕು, ಬರೆದವನು ಯಾವ ಕಾಲದಲ್ಲಿ, ಯಾವ ಪ್ರಕಾರದಲ್ಲಿ, ಏನು ಹೇಳಹೊರಟಿದ್ದ ಎಂದು ನೋಡಿ ಅರ್ಥಮಾಡಬೇಕು ಎಂದಿತು. ಪೂಜೆ ಕೊಂಕಣಿಗೆ ಬಂತು, ಕನ್ನಡಕ್ಕೆ ಬಂತು. 1988ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್, ಎಫೆಸದ ಪತ್ರದ ಅಧೀನತೆ ಗಂಡ ಹೆಂಡತಿ ಇಬ್ಬರಿಗೂ ಸಮವೆಂದು ಬರೆದರು. 2016ರಲ್ಲಿ ಪೋಪ್ ಫ್ರಾನ್ಸಿಸ್, ಆ ಮಾತಿನಲ್ಲಿ ಅಂದಿನ ಸಮಾಜದ ರೂಢಿ ಸೇರಿಕೊಂಡಿದೆ, ನಾವು ಹಿಡಿಯಬೇಕಾದದ್ದು ಅದರೊಳಗಿನ ಸಂದೇಶವನ್ನು ಎಂದರು. ಜಗಲಿಯ ತನಕ ಈ ಮಾತುಗಳು ತಲುಪಲು ಎಷ್ಟು ಕಾಲ ಹಿಡಿಯಿತು ಎಂಬುದೇ ನನ್ನ ತಕರಾರು.

ಪುಸ್ತಕ ಕೈಗೆ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನಲಾರೆ. 1990ರ ದಶಕದಲ್ಲಿ ನಮ್ಮ ಕಡೆಯ ಜನ ರೈಲು ಹತ್ತಿ ಚಾಲಕ್ಕುಡಿ ಹತ್ತಿರದ ಮುರಿಙ್ಙೂರಿನ ಡಿವೈನ್ ಧ್ಯಾನಕೇಂದ್ರಕ್ಕೆ ಹೋಗತೊಡಗಿದರು. ಕುಡಿತ ಬಿಟ್ಟು ಬಂದವರಿದ್ದಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ, ಹಗುರ ಮಾಡಲಾರೆ. ಕೈಯಲ್ಲಿ ಬೈಬಲ್, ಅದಕ್ಕೆ ಜಿಪ್ಪಿನ ಚೀಲ, ಎಷ್ಟೋ ಪುಟಗಳಿಗೆ ಕೆಂಪು ಪೆನ್ನಿನ ಗೆರೆ. ಜೊತೆಗೆ ಕೆಲವರ ಬಾಯಲ್ಲಿ ವಂಶಶಾಪದ ಮಾತೂ ಬಂತು. ವಿಮೋಚನಕಾಂಡ 20ರಲ್ಲಿ ತಂದೆಯ ಪಾಪ ಮೂರು ನಾಲ್ಕು ತಲೆಮಾರಿಗೆ ತಟ್ಟುತ್ತದೆಂಬ ಮಾತಿದೆ. ಹುಟ್ಟಿನಿಂದಲೇ ನಡೆಯಲಾಗದ ಮಗುವಿನ ತಾಯಿಯೊಬ್ಬಳಿಗೆ, ನಿಮ್ಮ ಹಿರಿಯರು ಏನು ಮಾಡಿದ್ದರೋ ನೆನಪುಮಾಡಿಕೊಳ್ಳಿ ಎಂದವರಿದ್ದರು. ಯೆಹೆಜ್ಕೇಲನ 18ನೆಯ ಅಧ್ಯಾಯ ಮಗ ತಂದೆಯ ಪಾಪ ಹೊರುವುದಿಲ್ಲವೆಂದು ನೇರವಾಗಿ ಅದಕ್ಕೆ ಎದುರು ನಿಲ್ಲುತ್ತದೆ. ಯೋಹಾನನ 9ರಲ್ಲಿ ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ ತಂದೆತಾಯಿಯದೂ ಅಲ್ಲ ಎಂದು ಯೇಸು ಉತ್ತರಿಸುತ್ತಾನೆ. ಆ ಪುಟಗಳಿಗೆ ಗೆರೆ ಬಿದ್ದಿರಲಿಲ್ಲ. ಗುರ್ಕಾರರ ಹತ್ತಿರ ಒಂದೇ ವಾಕ್ಯವಿತ್ತು. ಇವರ ಹತ್ತಿರ ಇಡೀ ಗ್ರಂಥವಿದ್ದೂ ಒಂದೇ ವಾಕ್ಯ.

ಈಗ ಇಗರ್ಜಿಯಲ್ಲಿ ನಡೆಯುವುದು ಇನ್ನೊಂದು ಬಗೆ. 2024ರ ಆಗಸ್ಟ್ 25, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಒಂಬತ್ತು ದಿನದ ನೊವೇನ ಶುರುವಾಗಲು ಕೆಲವೇ ದಿನ. ಮೂರು ವರ್ಷಕ್ಕೊಮ್ಮೆ ಎಫೆಸದ ಐದನೆಯ ಅಧ್ಯಾಯದ ಗಂಡ ಹೆಂಡತಿಯ ಭಾಗ ಬರುವ ಭಾನುವಾರ ಅದು. ತಲೆಗೆ ಸೆರಗಿಲ್ಲದ, ಚೂಡಿದಾರ ತೊಟ್ಟ ಹುಡುಗಿ ವಾಚನಪೀಠಕ್ಕೆ ಹೋಗಿ ಓದಿದಳು. ನಮ್ಮಜ್ಜಿಯ ಕಾಲದಲ್ಲಿ ಯೋಚಿಸಲೂ ಆಗದ ಮಾತು, ನನಗೆ ಸಂತೋಷವಾಯಿತು. ಅವಳು ಓದಿದ್ದು ಚಿಕ್ಕ ಪಾಠ. 22ರಿಂದ 24ರವರೆಗಿನ ಮೂರು ವಾಕ್ಯ ಬಿಟ್ಟು, ಗಂಡಂದಿರ ಕರ್ತವ್ಯದಿಂದ ಮುಂದಕ್ಕೆ. ಹಾಗೆ ಓದಲು ಅನುಮತಿ ಇದೆ. 137ನೆಯ ಕೀರ್ತನೆಯನ್ನೂ ಪೂಜೆಯಲ್ಲಿ ಆರನೆಯ ವಾಕ್ಯಕ್ಕೆ ನಿಲ್ಲಿಸುತ್ತಾರೆ. ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಕೊನೆಯ ಸಾಲು ಯಾರ ಕಿವಿಗೂ ಬೀಳುವುದಿಲ್ಲ.

ಬಿಟ್ಟು ಓದುವುದನ್ನು ನಾನು ಒಪ್ಪಲಾರೆ. ಆ ಮೂರು ವಾಕ್ಯ ಕೇಳಿಸಿಕೊಂಡು ಪೆಟ್ಟು ತಿಂದ ಹೆಂಗಸರು ನಮ್ಮ ಬೆಂಚುಗಳಲ್ಲೇ ಕೂತಿದ್ದಾರೆ. ಜಗಲಿಯಲ್ಲಿ ಅದನ್ನು ಗಟ್ಟಿಯಾಗಿ ಹೇಳಿದ್ದರು. ಪೀಠದಿಂದಲೂ ಅಷ್ಟೇ ಗಟ್ಟಿಯಾಗಿ ಓದಿ, ಹಿಂದುಮುಂದಿನದನ್ನು ಸೇರಿಸಿ, ಅದು ಹೊಡೆತಕ್ಕೆ ಕೊಟ್ಟ ಅಪ್ಪಣೆ ಅಲ್ಲವೆಂದು ಅವರೆದುರೇ ಹೇಳಬೇಕು. ಪೂಜೆಯ ನಂತರ ಪಾದ್ರಿಗಳ ಹತ್ತಿರ, “ಪದ್ರಾಬ್, ಆ ಮೂರು ವಾಕ್ಯ ಯಾಕೆ ಬಿಟ್ಟಿರಿ?” ಎಂದು ಕೇಳಿದೆ. “ಅಪಾರ್ಥ ಆಗುತ್ತದೆ ಅಂತ. ವಿವರಿಸುತ್ತಾ ಕೂರಲು ಸಮಯ ಸಾಲುವುದಿಲ್ಲ” ಎಂದರು.

ನಮ್ಮ ವಾರ್ಡಿನ ಕೂಟಕ್ಕೆ ಸಮಯವಿತ್ತು. ಅಲ್ಲಿ ಇಡೀ ಅಧ್ಯಾಯ ಓದಿಸಿದೆವು. ಗಲ್ಫಿನಿಂದ ರಜೆಗೆ ಬಂದಿದ್ದ ಒಬ್ಬರು, ಹಾಗಾದರೆ ಮನೆಯ ಯಜಮಾನ ಯಾರು ಎಂದು ಸಿಟ್ಟಿನಿಂದಲೇ ಕೇಳಿದರು. ಪೂಜೆಯಲ್ಲಿ ಓದಿದ್ದ ಅದೇ ಹುಡುಗಿ ಮೊಬೈಲು ಮುಂದೆ ಹಿಡಿದು 21ನೆಯ ವಾಕ್ಯದಿಂದ ಮತ್ತೆ ಶುರುಮಾಡಿದಳು. ಅವರು ಒಪ್ಪಲಿಲ್ಲ, ಅವಳೂ ಬಿಡಲಿಲ್ಲ. ಚಹಾ ಬಂದ ಮೇಲೂ ವಾದ ನಡೆಯಿತು. ಮುಂದಿನ ಕೂಟಕ್ಕೆ ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟ ಅಧ್ಯಾಯವನ್ನು ಗೊತ್ತುಮಾಡಿದೆವು.