ಆಟ ಆಡಿಸುವ ವಿದ್ಯೆ

ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಮಕ್ಕಳೆಲ್ಲರೂ ಎದುರುನೋಡುವ ಪೀರಿಯಡ್ಡು ಆಟದ ಪೀರಿಯಡ್ಡು. ಉಪಾಧ್ಯಾಯರು ಸಿದ್ಧತೆಯಿಲ್ಲದೆ ಹೋಗುವ ಪೀರಿಯಡ್ಡೂ ಬಹುಶಃ ಅದೊಂದೇ. ಲೆಕ್ಕದ ಪಾಠಕ್ಕೆ ಟಿಪ್ಪಣಿ ಬರೆದುಕೊಳ್ಳುವವರೂ ಆಟಕ್ಕೆ ಒಂದು ಸೀಟಿ, ಒಂದು ಚೆಂಡು ಇದ್ದರೆ ಸಾಕೆಂದು ಭಾವಿಸುತ್ತಾರೆ. ಮಕ್ಕಳಿಗೆ ಆಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ನಿಜ. ಆದರೆ ಎಲ್ಲ ಮಕ್ಕಳನ್ನೂ ಆಡಿಸುವುದು ಕಲಿತೇ ಬರಬೇಕಾದ ವಿದ್ಯೆ.

ಈ ಮಾತನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ. ಬಾಲ್ಯದಲ್ಲಿ ನನಗೆ ಉಬ್ಬಸವಿತ್ತು. ಮೂರನೆಯ ತರಗತಿಯಿಂದ ಐದನೆಯದರವರೆಗೆ ಆಟದ ಹೊತ್ತಿನಲ್ಲಿ ನನಗೆ ದೊರೆತ ಕೆಲಸವೆಂದರೆ ಗೆಳೆಯರ ಚೀಲಗಳನ್ನು ಕಾಯುವುದು. ಮೇಷ್ಟರು ಕರುಣೆಯಿಂದಲೇ ಹಾಗೆ ಮಾಡಿದರು. ಉಬ್ಬಸದ ಹುಡುಗನನ್ನು ಮೊದಲು ಮೆಲ್ಲಗೆ ನಡೆಸಿ, ನಡುನಡುವೆ ವಿಶ್ರಾಂತಿ ಕೊಟ್ಟು, ಔಷಧವನ್ನು ಕೈಗೆಟುಕುವಂತೆ ಇಟ್ಟುಕೊಂಡು ಆಡಿಸಬಹುದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಫಲವಾಗಿ ನಾನು ಮೂರು ವರ್ಷ ಕಬಡ್ಡಿಯನ್ನು ಕಣ್ಣಿನಿಂದಲೇ ಆಡಿದೆ.

ನಮ್ಮ ದೇಶದಲ್ಲಿ ದೈಹಿಕ ಶಿಕ್ಷಣದ ತರಬೇತಿ ಹೊಸದೇನೂ ಅಲ್ಲ. 1920ರಲ್ಲಿಯೇ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು ಆರಂಭವಾಯಿತು. ಆದರೆ ಇಂತಹ ಕಡೆ ಕಲಿತವರು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಬರುವುದು ಅಪರೂಪ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ಹೇಳುತ್ತದೆ. ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ಮಾತ್ರ 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿಗೆ ಹೇಳಿದೆ. 1ರಿಂದ 5ನೆಯ ತರಗತಿಯವರೆಗೆ, 60 ಮಕ್ಕಳವರೆಗೂ ಇಬ್ಬರು ಉಪಾಧ್ಯಾಯರು. ಹೀಗಾಗಿ ಕನ್ನಡವನ್ನೂ ಲೆಕ್ಕವನ್ನೂ ಹೇಳಿಕೊಡುವವರೇ ಸೀಟಿಯನ್ನೂ ಊದಬೇಕು.

ನನ್ನ ಅಕ್ಕ ಅಂಥ ಒಂದು ಶಾಲೆಯ ಉಪಾಧ್ಯಾಯಿನಿ. ಕಳೆದ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅವಳು 30 ಮಕ್ಕಳನ್ನು ‘ಕೆರೆ–ದಡ’ ಆಡಿಸುತ್ತಿದ್ದಳು. ತಪ್ಪಿದವರನ್ನು ಹೊರಗೆ ಕೂರಿಸುವುದು ವಾಡಿಕೆ. ಅಕ್ಕನ ಆಟದಲ್ಲಿ ತಪ್ಪಿದವರು ಬೇಲಿಯ ಕಲ್ಲುಕಂಬವನ್ನು ಮುಟ್ಟಿ ಬಂದು ಮತ್ತೆ ಸೇರಿಕೊಳ್ಳುತ್ತಿದ್ದರು.

“ಇದೆಂಥ ಆಟ ಅಕ್ಕ? ಸೋತವರೇ ಇಲ್ಲವಲ್ಲ!” ಎಂದೆ.

“ತರಬೇತಿಯಲ್ಲಿ ನಮ್ಮನ್ನೇ ಈ ಆಟ ಆಡಿಸಿದ್ದರು ಕಣೋ. ಮೊದಲು ಔಟಾದವಳು ನಾನೇ. ಆಟ ಮುಗಿಯುವವರೆಗೆ ಸುಮ್ಮನೆ ಕೂತಿದ್ದೆ. ಆಮೇಲೆ ನಮ್ಮ ಮೇಡಂ ಕೇಳಿದರು, ‘ಓದಲು ಬಾರದ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತೀರಾ?’ ಅಂತ. ಅವತ್ತಿನಿಂದ ನಾನು ಯಾರನ್ನೂ ಕೂರಿಸಿಲ್ಲ” ಎಂದಳು.

ಅಂದು ಸಂಜೆ ಅಕ್ಕ ಇನ್ನೊಂದು ಲೆಕ್ಕ ಹೇಳಿದಳು. 30 ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಒಂದೇ ಚೆಂಡನ್ನು ಎಸೆಯಬೇಕು. ಒಬ್ಬರಿಗೆ 20 ಸೆಕೆಂಡು ಹಿಡಿದರೆ ಒಂದು ಸುತ್ತಿಗೆ 10 ನಿಮಿಷ. 40 ನಿಮಿಷದಲ್ಲಿ ಪ್ರತಿ ಮಗುವಿಗೆ ಸಿಗುವುದು ನಾಲ್ಕೇ ಎಸೆತ. ಅದೇ ಮಕ್ಕಳನ್ನು ಆರಾರು ಮಂದಿಯ ಐದು ಗುಂಪು ಮಾಡಿ, ಹಳೆಯ ಬಟ್ಟೆಯಿಂದ ಹೊಲಿದ ಐದು ಚೆಂಡು ಕೊಟ್ಟರೆ 20 ಎಸೆತ! ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಸೂಜಿ ದಾರ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವಂತೆ ಚಟುವಟಿಕೆಯಲ್ಲಿರಬೇಕು. ಶಾಲೆಯ ಪೀರಿಯಡ್ಡೊಂದೇ ಇದನ್ನು ಪೂರೈಸಲಾರದು. ಆದ್ದರಿಂದಲೇ ಅದರ ಒಂದು ನಿಮಿಷವನ್ನೂ ಸಾಲಿನಲ್ಲಿ ನಿಲ್ಲಿಸಿ ಕಳೆಯಬಾರದು.

ಉಪಾಧ್ಯಾಯರ ತರಬೇತಿಯಲ್ಲಿ ಲೆಕ್ಕದ ಪಾಠವನ್ನು ತರಗತಿಯಲ್ಲಿ ಮಾಡಿ ತೋರಿಸಬೇಕು. ಹಿಂದೆ ಕುಳಿತ ಹಿರಿಯರು ತಿದ್ದುತ್ತಾರೆ. ಆಟದ ಪಾಠವನ್ನೂ ಹಾಗೆಯೇ ಬಯಲಿನಲ್ಲಿ, ನಿಜವಾದ ಮಕ್ಕಳ ಎದುರಿನಲ್ಲಿ ಮಾಡಿಸಬೇಕು. ಗೆದ್ದವರು ಯಾರೆಂದು ನೋಡುವ ಬದಲು, ಒಂದೊಂದು ಮಗುವೂ ಎಷ್ಟು ನಿಮಿಷ ಆಡಿತೆಂದು ಎಣಿಸಬೇಕು. ಅಂಗವಿಕಲ ಮಗು, ಉಬ್ಬಸದ ಮಗು, ನಾಚಿಕೆಯಿಂದ ಹಿಂದೆ ಸರಿಯುವ ಹುಡುಗಿ, ಇವರೆಲ್ಲ ಆ ಎಣಿಕೆಯಲ್ಲಿ ಬರಬೇಕು.

ಮಿತ್ರರೇ, ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಉಪಾಧ್ಯಾಯರಾಗುವವರು. ನಾವು ಕನ್ನಡ ಕಲಿಸಲಿ, ಚರಿತ್ರೆ ಕಲಿಸಲಿ, ಒಂದಲ್ಲ ಒಂದು ದಿನ ಆಟದ ಪೀರಿಯಡ್ಡು ನಮ್ಮ ಪಾಲಿಗೂ ಬಂದೀತು. ಆ ದಿನಕ್ಕೆ ಈಗಿನಿಂದಲೇ ಒಂದಿಷ್ಟು ಸಿದ್ಧರಾಗಿರೋಣ.