ಗೆರಟೆ ಮದ್ದಳೆ, ಡಬ್ಬಿ ಚಂಡೆ

ಕುಂದಾಪುರದ ಕಡೆ ನವೆಂಬರ್ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನಮ್ಮ ಹಿತ್ತಿಲಲ್ಲೂ ಒಂದು ಮೇಳ ಏಳುತ್ತಿತ್ತು. ಕೊಯ್ಲಾದ ಗದ್ದೆಯಲ್ಲಿ ಬೆಳಗಿನವರೆಗೆ ಆಟ ನೋಡಿ ಬಂದ ನಾವು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ, ಮಧ್ಯಾಹ್ನಕ್ಕೆ ಹಿಮ್ಮೇಳ ಕಟ್ಟುತ್ತಿದ್ದೆವು. ವೇಷ ಯಾರಿಗೂ ಬೇಡ, ಚಂಡೆ ಎಲ್ಲರಿಗೂ ಬೇಕು.

ಬಿಸ್ಕತ್ತಿನ ಡಬ್ಬಿಯೇ ಚಂಡೆ, ಪೇರಳೆ ಗೆಲ್ಲು ಅದರ ಕೋಲು. ಸೋಡಾ ಬಾಟಲಿಯ ಮುಚ್ಚಳ ಜಜ್ಜಿ ತಂತಿಗೆ ಪೋಣಿಸಿದರೆ ಗೆಜ್ಜೆ. ಮದ್ದಳೆಯದ್ದೇ ಕಷ್ಟ. ಪಂಚರ್ ಅಂಗಡಿಯಲ್ಲಿ ಬೇಡಿ ತಂದ ಲಾರಿ ಟ್ಯೂಬಿನ ತುಂಡನ್ನು ದೊಡ್ಡ ಗೆರಟೆಯ ಬಾಯಿಗೆ ಎಷ್ಟು ಬಿಗಿದರೂ ಬರೀ ಡಬ್ ಡಬ್. ನಿಜವಾದ ಮದ್ದಳೆಯ ಚರ್ಮದ ನಡುವಿನ ಕಪ್ಪು ಕರಣೆ ಅನ್ನ, ಕಬ್ಬಿಣದ ಪುಡಿ ಸೇರಿಸಿ ಅರೆದದ್ದು ಎಂದು ಅಜ್ಜ ಹೇಳಿದ್ದೇ ತಡ, ಅನ್ನಕ್ಕೆ ಒಲೆಯ ಮಸಿ ಕಲಸಿ ಮೆತ್ತಿದೆವು. ನಾದ ತುಸು ತಗ್ಗಿತು. ರಾತ್ರಿ ಇರುವೆಗಳಿಗೆ ಊಟವಾಯಿತು. ನಡುವೆ ಮೆತ್ತಿದ ಆ ಭಾರದಿಂದಲೇ ಮೃದಂಗ, ತಬಲಾಗಳ ನಾದಕ್ಕೆ ಶ್ರುತಿ ಕೂಡುತ್ತದೆಂದು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇರುವೆ.

ನಿಜವಾಗಿ ತಾಳ ಕಲಿತವಳು ಎಲ್ಲರಿಗಿಂತ ಸಣ್ಣವಳು, ಮೂರು ವರ್ಷದ ತಂಗಿ. ಅವಳ ಕೈಗೆ ಕೋಲು ಕೊಡುವವರಿಲ್ಲ. ಪಾತ್ರೆಯ ಮುಚ್ಚಳ, ಒಂದು ಚಮಚ ಕೊಟ್ಟು ಜಾಗಟೆ ಎಂದು ನಂಬಿಸಿದ್ದೆವು. ಆವರ್ತಕ್ಕೆ ಒಂದೇ ಪೆಟ್ಟು, ಮೊದಲ ಅಕ್ಷರಕ್ಕೆ. ನಾಲ್ಕರ ಏಕತಾಳವನ್ನು ಬೇಗ ಹಿಡಿದಳು, ಆರರ ರೂಪಕವೂ ಬಂತು. ಹತ್ತರ ಝಂಪೆಗೆ ಮಾತ್ರ ಚಮಚ ಎತ್ತಿ ಹಿಡಿದು, ಉಸಿರು ಕಟ್ಟಿ ಕಾದು, ತಡೆಯಲಾರದೆ ಎಂಟಕ್ಕೇ ಬಾರಿಸಿಬಿಡುತ್ತಿದ್ದಳು. ಆಗ ಜಗಲಿಯಿಂದ ಅಜ್ಜ, "ಬಾಯಗೆ ಹೇಳ್ ಮಗಾ. ಬಾಯಗೆ ಬಂದ್ರೆ ಕೈಯಗೂ ಬತ್ತ್" ಎನ್ನುವರು. ಅವರು ತೊಡೆ ತಟ್ಟಿ 'ತಕತಕಿಟ ತಕತಕಿಟ' ಎಂದರೆ ಇವಳದ್ದು 'ತತತತಿತ'. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಝಂಪೆ ತಪ್ಪುತ್ತಿರಲಿಲ್ಲ. ಹತ್ತರವರೆಗೆ ಎಣಿಸಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ!

ಈಗ ಗುಂಡಿ ಒತ್ತಿದರೆ ತಾನೇ ಬಾರಿಸಿಕೊಳ್ಳುವ ಆಟಿಕೆ ಡ್ರಮ್ ಸಿಗುತ್ತದೆ. ನನ್ನ ಕೇಳಿದರೆ ದುಡ್ಡು ದಂಡ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಒಂದು ಮುಚ್ಚಳ, ಚಮಚ ಕೊಟ್ಟು ಎದುರು ಕೂತು ತೊಡೆ ತಟ್ಟಿ. ಮುಚ್ಚಳ ಹಿತ್ತಾಳೆಯದ್ದಾದರೆ ನಾದ ಚೆನ್ನ, ಸ್ಟೀಲಿನದ್ದೂ ನಡೆಯುತ್ತದೆ.