ಬಿಡೋಕೂ ದುಡ್ಡು ಕಟ್ಟಬೇಕು

ಸಂತೇಲಿ ಕೊಡೆ ಹಾಕ್ಕೊಂಡು ಸಿಮ್ ಮಾರೋ ಹುಡುಗರು ನಮ್ಮವ್ವನ ನಂಬರನ್ನ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ, 84 ದಿನದ ಪ್ಯಾಕನ್ನೂ ಹಾಕಿ ಕಳಿಸಿದ್ರು. 850 ರೂಪಾಯಿಗೂ ಮೇಲೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370. ಲೆಕ್ಕ ನೀವೇ ಹಾಕ್ಕೊಳ್ಳಿ. ಅವ್ವನದು ಕೀಪ್ಯಾಡ್ ಫೋನು, ಪ್ಯಾಕಲ್ಲಿ ದಿನಾ ಎರಡು ಜಿಬಿ ಡೇಟಾ! ಬರೀ ಮಾತು, ಎಸ್ಸೆಮ್ಮೆಸ್ಸಿಗೆ ಬೇರೆ ಪ್ಯಾಕ್ ಇಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರಲ್ಲೇ ನಿಯಮ ಮಾಡಿದೆ. ಅವ್ವಂಗೆ ಅದನ್ನ ಯಾರೂ ಹೇಳಲಿಲ್ಲ.

ಹಳೇ ಸಿಮ್ಮು ಒಲೆ ಮುಂದೇನೂ ಸಿಗ್ತಿತ್ತು. ಇದಕ್ಕೆ ಕೇರೀಲಿ ಸಿಗ್ನಲ್ಲೇ ಇಲ್ಲ. ಟವರ್ ಇರೋದು ಊರಾಚೆ ಮೇಲ್ಗಡೆ, ಅವರ ಬೀದಿ ಪಕ್ಕ. ಅಂಬೇಡ್ಕರ್ ಭವನದ ಮೆಟ್ಟಿಲು ಹತ್ತಿ ನಿಂತ್ರೆ ಒಂದೆರಡು ಕಡ್ಡಿ. ಕೆಲಸಕ್ಕೆ ಕರೆಯೋ ಮೇಸ್ತ್ರಿ ಫೋನು ಎರಡು ಸಲ ತಪ್ಪೋಯ್ತು. ಎರಡು ದಿನದ ಕೂಲಿನೂ ಹೋಯ್ತು.

"ಹಳೇದಕ್ಕೇ ಹಾಕ್ಸು ಮಗಾ" ಅಂದ್ಲು. ಆಗಲ್ಲ. ಒಂದ್ಸಲ ಪೋರ್ಟ್ ಆದ್ರೆ 90 ದಿನ ಅಲ್ಲೇ ಇರಬೇಕು. ಪ್ಯಾಕು 84ಕ್ಕೇ ಮುಗಿಯುತ್ತೆ. ಉಳಿದ ಆರು ದಿನಕ್ಕೆ ಇನ್ನೊಂದು ರೀಚಾರ್ಜು! ನಂಬರನ್ನೇ ಬಿಡೋಣ ಅಂದ್ರೆ ಬ್ಯಾಂಕು, ಆಧಾರ್ ಎಲ್ಲದರ ಒಟಿಪಿ ಬರೋದು ಅದಕ್ಕೇ.

ಅಮೆರಿಕದಲ್ಲಿ ಹಿಂದೆ ಗುತ್ತಿಗೆ ಮುಗಿಯೋ ಮುಂಚೆ ಕಂಪನಿ ಬಿಟ್ರೆ ದಂಡ ಅಂತ ಕರಾರಲ್ಲೇ ಬರೆದಿರ್ತಿದ್ರು. ಅವ್ವನ ಕೈಗೆ ಕರಾರೂ ಕೊಡಲಿಲ್ಲ, ದಂಡ ಅನ್ನೋ ಮಾತೂ ಆಡಲಿಲ್ಲ. ಕಟ್ಟಿದ್ದು ದಂಡಾನೇ.

ಇನ್ನೂ 61 ದಿನ ಇದೆ. ಸಂಜೆ ಆರರ ಮೇಲೆ ಭವನದ ಮೆಟ್ಟಿಲ ಮೇಲೆ ಕೂತಿರ್ತಾಳೆ. ಅವ್ವನ ಹತ್ರ ಮಾತಾಡೋರು ಆಗಲೇ ಫೋನ್ ಮಾಡಿ.

ಜೈಭೀಮ್.